ಎರಡು ಎಮ್ಮೆ ಕೊಟ್ಟು ಕಲಿತ ಬಾರ್ಬೆಕ್ಯೂ

ದಾಂಡೇಲಿ

ನೈರೋಬಿಯಿಂದ ಬಂದ ಮೇಲೆ ನಮ್ಮ ಖಾನಾವಳಿಗೆ ಊಟಕ್ಕೆ ಬರುವ ಮಿಲ್ಲಿನವರೆಲ್ಲ ಕೇಳುವುದು ಒಂದೇ: ಆನೆ ನೋಡಿದಿರಾ, ಸಿಂಹ ನೋಡಿದಿರಾ? ನೋಡಲಿಲ್ಲ. ಆನೆ ನೋಡಲು ದಾಂಡೇಲಿಯವರು ಸಮುದ್ರ ದಾಟಬೇಕೇ? ಕುಳಗಿ ದಾರಿಯಲ್ಲಿ ಬಸ್ಸಿಗೆ ಅಡ್ಡ ನಿಂತ ಆನೆಯನ್ನು ಕಿಟಕಿಯಿಂದಲೇ ಎಷ್ಟು ಸಲ ಬೈದಿದ್ದೇನೆ. ನಾನು ಹೋದದ್ದು ಬಾರ್ಬೆಕ್ಯೂ ಎಂಬ ವಿದ್ಯೆ ಕಲಿಯಲು. ಬೆಂಕಿಯ ಮೇಲೆ ಮಾಂಸ ಸುಡುವುದನ್ನು ದುಡ್ಡು ತೆಗೆದುಕೊಂಡು ಕಲಿಸುತ್ತಾರೆ ಎಂದರೆ ನೀವು ನಗುತ್ತೀರಿ. ನಾನೂ ಹೋಗುವ ಮುಂಚೆ ನಕ್ಕವಳೇ. ಈಗ ಆ ಮಾತು ಬಂದರೆ ಮೈ ಉರಿಯುತ್ತದೆ.

ಹೋದದ್ದು ನನ್ನ ಸಲುವಾಗಿ ಅಲ್ಲ, ಮರಿಯಾಳ ಸಲುವಾಗಿ. ಮರಿಯಾ ಸಿದ್ದಿ ಹೆಂಗಸು, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ಕಾಡಿನಲ್ಲಿ ನೆಲೆಸಿದವರ ಪೈಕಿ, ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯವಳು. ವಾರವೆಲ್ಲ ಗದ್ದೆ ಕೆಲಸ. ಭಾನುವಾರ ಚರ್ಚು ಮುಗಿಸಿ ಸಿಕ್ಕ ಬಸ್ಸು ಹತ್ತಿ ನಮ್ಮ ಖಾನಾವಳಿಗೆ ಬರುತ್ತಿದ್ದಳು. ಹಿತ್ತಲಲ್ಲಿ ಇದ್ದಿಲ ಕೆಂಡ ಹರವಿ, ಆಡಿನ ತೊಡೆಗೆ ಉಪ್ಪು, ಅರಿಶಿನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಹಚ್ಚಿ ಸುಡುತ್ತಿದ್ದಳು. ಅದಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಪಾಳಿ ಮುಗಿಸಿ ಬಂದ ಮಿಲ್ಲಿನ ಗಂಡಸರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, ಮೇಸ್ತ್ರಿಗಳನ್ನು ಬೈಯುತ್ತ ಕಾಯುತ್ತಿದ್ದರು. ಬೇಗ ಮಾಡು ಎಂದು ಯಾರೂ ಒಂದು ದಿನವೂ ಅಂದವರಲ್ಲ.

ಹಾಗೊಂದು ಭಾನುವಾರ ಬೆಳಗಾವಿ ಕಡೆಯ ಸಾಹುಕಾರರೊಬ್ಬರು ಬಂದು ಕೂತರು. ಲಾರಿ, ಕಟ್ಟಿಗೆ ಅಡ್ಡೆ, ಎಲ್ಲ ವ್ಯವಹಾರವೂ ಇದ್ದವರು. ಕುಳಗಿ ದಾರಿಯಲ್ಲಿ ಡೇರೆಗಳನ್ನು ಹಾಕಿ, ಕಾಡು ನೋಡಲು ಬರುವ ಮುಂಬಯಿಯವರಿಗೂ ಪರದೇಶದವರಿಗೂ ಕ್ಯಾಂಪು ಮಾಡಲು ಹೊರಟಿದ್ದರು. ಮರಿಯಾ ಸುಟ್ಟದ್ದನ್ನು ತಿಂದು ಬೆರಳು ಚೀಪಿದರು. ಕ್ಯಾಂಪಿನ ಅಡಿಗೆಮನೆ ನಿನಗೇ ಎಂದರು. ತಿಂಗಳಾ ಪಗಾರ, ಇರಲು ಖೋಲಿ. ಅದರ ಹಿಂದೆಯೇ ಒಂದು ಕೊಕ್ಕೆಯನ್ನೂ ಹಾಕಿದರು.

"ನಾ ಆಫ್ರಿಕಾಕ್ಕ ಪ್ರಾಣಿ ನೋಡಾಕ ಹೋದಾಗ ನೈರೋಬಿ ಹೊರಗ ಒಂದ ಕ್ಲಬ್ಬಿನ್ಯಾಗ ಬಾರ್ಬೆಕ್ಯೂ ತಿಂದೇನಿ. ಮಟನ್ ಅಂದ್ರ ಮೆತ್ತಗ ಹತ್ತಿ ಆಗಿತ್ತು, ಹತ್ತಿ! ಅವರು ಕ್ಲಾಸ್ ಮಾಡಿ ಕಲಸ್ತಾರ. ಅಲ್ಲಿ ಕಲತ ಬಾ, ಅಡಿಗಿಮನಿ ನಿಂದು. ಇಲ್ಲಾಂದ್ರ ಗೋವಾದಿಂದ ಒಬ್ಬಾಂವ ಬರಾಂವ ಅದಾನ. ಬರೋಬರಿ ಇಂಗ್ಲಿಷ್ ಮಾತಾಡ್ತಾನ."

ಕಲಿಯಲು ಕಳಿಸುವ ಖರ್ಚು ಕೊಡುತ್ತೀರಾ ಎಂದು ನಾನು ಕೇಳಿದೆ. ಸಾಹುಕಾರರು ಕೈತೊಳೆಯಲು ಎದ್ದರು.

ನನ್ನ ತಂಗಿ ಕಸ್ತೂರಿ ನೈರೋಬಿಯಲ್ಲಿದ್ದಾಳೆ. ಅವಳ ಗಂಡ ವಾಸು ಇಲ್ಲಿ ಕಾಗದದ ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದವನು, ಈಗ ಅಲ್ಲಿನ ಒಂದು ಕಾಗದ ಕಾರ್ಖಾನೆ ಸೇರಿಕೊಂಡಿದ್ದಾನೆ. ಬಾ ಬಾ ಎಂದು ಕಸ್ತೂರಿ ಕರೆಯುತ್ತಲೇ ಇದ್ದಳು. ಇಬ್ಬರೂ ಹೋಗಿಬರುವ ಖರ್ಚಿಗೂ ನನ್ನ ಫೀಗೂ ನಾನು ನನ್ನ ಭಿಸಿ ಚೀಟಿ ಎತ್ತಿದೆ. ಆ ಕ್ಲಾಸಿಗೆ ತನ್ನ ಫೀ ಮಾತ್ರ ಮರಿಯಾ ತಾನೇ ಕೊಡುತ್ತೇನೆಂದು ಹಟ ಹಿಡಿದಳು. ಅವಳಿಗೆ ಇದ್ದದ್ದು ಎರಡು ಎಮ್ಮೆ. ಗಂಡ ತೀರಿಕೊಂಡ ಮೇಲೆ ಮುದುಕಿ ತಾಯಿಯನ್ನೂ ಎರಡು ಹೆಣ್ಣುಮಕ್ಕಳನ್ನೂ ಸಾಕಿದ್ದು ಆ ಎಮ್ಮೆಗಳ ಹಾಲೇ. ಎರಡನ್ನೂ ಹಳಿಯಾಳದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದಳು. ಇನ್ನು ಅಡಿಗೆಮನೆ ಸಿಗದಿದ್ದರೆ ಅವಳ ಕೈಯಲ್ಲಿ ಏನೂ ಇಲ್ಲ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹಲ್ಲು ಕಿರಿದ.

"ಏನ ಮರಿಯಾ, ನಿಮ್ಮ ಊರಿಗೆ ಹೊಂಟಿಯಂತ?"

"ನಮ್ಮೂರು ಹಳಿಯಾಳ ತಾಲೂಕಿನ್ಯಾಗ ಐತಿ," ಎಂದಳು ಮರಿಯಾ. "ಅಲ್ಲಿಗೆ ಹೋಗಾಕ ಇಮಾನ ಬೇಕಿಲ್ಲ. ನಿನ್ನ ಬಸ್ಸ ಟೈಮಿಗೆ ಬಂದ್ರ ಸಾಕು."

ನೈರೋಬಿ

ಆಫ್ರಿಕಾ ಎಂದರೆ ಬಿಸಿಲು ಎಂದು ನನಗೆ ಹೇಳಿಕೊಟ್ಟ ಮಾಸ್ತರರು ಈಗ ಬದುಕಿಲ್ಲ, ಅದು ಅವರ ಪುಣ್ಯ. ವಿಮಾನದಿಂದ ಇಳಿದ ಕೂಡಲೇ ಹಲ್ಲು ಕಟಕಟ ಎನ್ನತೊಡಗಿತು. ಜುಲೈ ತಿಂಗಳು ಅಲ್ಲಿ ಚಳಿಗಾಲವಂತೆ. ಮುಂಡಗೋಡದ ಟಿಬೇಟಿಯನ್ನರ ಹತ್ತಿರ ಒಂದು ಸ್ವೆಟರ್ ತೆಗೆದುಕೊಂಡು ಹೋಗು ಎಂದು ನನ್ನ ಯಜಮಾನರು ಮೂರು ಸಲ ಹೇಳಿದ್ದರು. ಆಫ್ರಿಕಾಕ್ಕೆ ಸ್ವೆಟರ್ ಒಯ್ಯುವವಳು ಹುಚ್ಚಿ ಎಂದು ನಾನೇ ನಕ್ಕಿದ್ದೆ. ನೂಲಿನ ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದು ಕಸ್ಟಮ್ಸಿನ ಮುಂದೆ ನಿಂತೆ.

ಕಸ್ಟಮ್ಸಿನವನು ನನ್ನನ್ನು ಬಿಟ್ಟು ಮರಿಯಾಳ ಕಡೆ ತಿರುಗಿ ಅವರ ಸ್ವಾಹಿಲಿ ಭಾಷೆಯಲ್ಲಿ ಒಂದೇ ಸಮನೆ ಮಾತಾಡತೊಡಗಿದ. ಮರಿಯಾ ಅವನ ಬಾಯಿಯನ್ನೇ ನೋಡಿದಳು. ಅವನು ಇನ್ನೂ ಜೋರಾಗಿ ಮಾತಾಡಿದ. ಕಿವಿ ಕೇಳದವರ ಮುಂದೆ ಕೂಗುವ ಹಾಗೆ ಕೂಗಿದರೆ ಭಾಷೆ ತಿಳಿಯುತ್ತದೆ ಎಂದು ನಂಬಿದ ಜನ ಅಲ್ಲೂ ಇದ್ದಾರೆ.

"ನನಗ ಕನ್ನಡ ಬರ್ತೈತಿ, ಕೊಂಕಣಿ ಬರ್ತೈತಿ, ಚೂರು ಮರಾಠಿ ಬರ್ತೈತಿ," ಎಂದಳು ಮರಿಯಾ. "ಯಾವುದರಾಗ ಮಾತಾಡ್ತಿ ನೋಡಪಾ."

ಅವನು ಪಾಸ್‌ಪೋರ್ಟು ನೋಡಿದ, ಅವಳ ಮುಖ ನೋಡಿದ, ಮತ್ತೆ ಪಾಸ್‌ಪೋರ್ಟು ನೋಡಿದ. ಇನ್ನೊಬ್ಬನನ್ನು ಕರೆದು ತೋರಿಸಿದ. ಆಮೇಲೆ ನನ್ನ ಚೀಲಕ್ಕೆ ಕೈಹಾಕಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತೆಗೆದು ಮೂಗಿಗೆ ಹಿಡಿದ. ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುಟ್ಟಿದ್ದೆ. ಅವನ ಸೀನು ನಿಲ್ಲುವ ತನಕ ನಮ್ಮ ಹಿಂದಿನ ಸಾಲಿನವರೆಲ್ಲ ಕಾದರು.

ವಾಸು ಕಾರು ತಂದಿದ್ದ. ದಾರಿಯುದ್ದಕ್ಕೂ ಮರಿಯಾಗೆ ಊರು ತೋರಿಸುತ್ತ, "ಹೆಂಗ ಅನಸ್ತೈತಿ? ನಿಮ್ಮ ಹಿರ್ಯಾರ ನಾಡು," ಎಂದ. ಅವನೊಬ್ಬನೇ ಅಲ್ಲ, ಕಸ್ತೂರಿಯೂ ಕೇಳಿದಳು, ಅಕ್ಕಪಕ್ಕದ ಗುಜರಾತಿ ಹೆಂಗಸರೂ ಬಂದು ಕೇಳಿದರು. ಅವಳ ಕಣ್ಣಲ್ಲಿ ನೀರು ಬಂದೀತೆಂದು ಎಲ್ಲರೂ ಕಾಯುತ್ತಿದ್ದರೋ ಏನೋ. ಮರಿಯಾಗೆ ಇದ್ದ ಚಿಂತೆಯೇ ಬೇರೆ. ಮಳೆ ಹಿಡಿದಿತ್ತು, ಊರಲ್ಲಿ ನಾಟಿ ಶುರುವಾಗಿರುತ್ತದೆ, ಕೂಲಿ ತಪ್ಪಿತು ಎಂದು ಲೆಕ್ಕ ಹಾಕುತ್ತಿದ್ದಳು.

ಕ್ಲಬ್ಬು, ಮೊದಲ ದಿನ

ಕ್ಲಬ್ಬು ಊರ ಹೊರಗೆ. ಬಿಳಿಯರ ಕಾಲದ ಕಟ್ಟಡ, ಮುಂದೆ ಹುಲ್ಲು ಹಾಸು, ಬಣ್ಣದ ಛತ್ರಿಗಳ ಕೆಳಗೆ ಬೆತ್ತದ ಕುರ್ಚಿಗಳು. ಕಸ್ತೂರಿ ನಮ್ಮನ್ನು ಬಾಗಿಲಲ್ಲಿ ಇಳಿಸಿ, ಇಬ್ಬರ ಫೀಯ ರಸೀದಿ ತೋರಿಸಿ ಹೋದಳು. ಅಲ್ಲಿ ಹೊಕ್ಕ ಕೂಡಲೇ ಒಂದು ಮೇಜಿನ ಮೇಲೆ ಬಿಸಿನೀರಿನ ಹೂಜಿ, ಕೆಳಗೆ ಬೋಗುಣಿ. ಮಾಂಸ ತಿನ್ನುವ ಮುಂಚೆ ಕೂತವರ ಕೈಗೆ ಯಾರಾದರೂ ನೀರು ಹಾಕುವುದು ಆ ದೇಶದ ಪದ್ಧತಿ. ಒಳ್ಳೆಯ ಪದ್ಧತಿ. ನೀರು ಹಾಕುವವಳು ಆ ಹೊತ್ತಿಗೆ ಎಲ್ಲೋ ಹೋಗಿದ್ದಳು. ಜರ್ಮನಿಯ ಒಬ್ಬ ಗಂಡಸು ಬಂದು ಮರಿಯಾಳ ಮುಂದೆ ಎರಡೂ ಕೈ ಚಾಚಿ ನಿಂತ.

ಕೈ ಚಾಚಿ ನಿಂತವರಿಗೆ ನೀರು ಕೊಡದೆ ಇರುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಮ್ಮಲ್ಲಿ ಬಂದವರ ಕೈಕಾಲಿಗೆ ನೀರು ಕೊಡುವುದು ಮನೆಯ ಯಜಮಾನಿ. ಮರಿಯಾ ಹೂಜಿ ಎತ್ತಿ ಹಾಕಿದಳು. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಒಬ್ಬ ಚಹಾ ತೋಟದ ದೊರೆಸಾನಿ, ಅವಳ ಹಿಂದೆ ಒಂದು ಪಂಜಾಬಿ ಕುಟುಂಬ. ಎಲ್ಲರಿಗೂ ಹಾಕಿದಳು. ಎಷ್ಟು ಚೆಂದ ಹಾಕುತ್ತಾಳೆ ಎಂದು ನಾನು ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದೆ.

ಅಷ್ಟರಲ್ಲಿ ಬಿಳಿ ಕೋಟಿನ ಒಬ್ಬ ಬಂದು ಮರಿಯಾಗೆ ಸ್ವಾಹಿಲಿಯಲ್ಲಿ ಏನೋ ಹೇಳಿ, ಕೈಗೆ ಒಂದು ಏಪ್ರನ್ ಕೊಟ್ಟು, ಒಳಗೆ ಬಾ ಎಂದು ಸನ್ನೆ ಮಾಡಿದ. ಮರಿಯಾ ನನ್ನ ಮುಖ ನೋಡಿದಳು.

"ಒಳಗಿಂದ ಕಲಸ್ತಾರಂತ ಕಾಣಸ್ತೈತಿ," ಎಂದಳು.

"ಹೋಗು ಹೋಗು, ಎಲ್ಲಾ ನೋಡಿ ಇಟ್ಟುಕೊ," ಎಂದೆ ನಾನು.

ನಮಗಿಬ್ಬರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ನಮ್ಮ ಖಾನಾವಳಿಯಲ್ಲಿ ಯಾರೂ ನೇರ ಒಲೆಯ ಮುಂದೆ ಹೋಗುವುದಿಲ್ಲ. ಮೊದಲು ಬೆಳ್ಳುಳ್ಳಿ ಸುಲಿಯಬೇಕು, ಪಾತ್ರೆ ತಿಕ್ಕಬೇಕು, ಮಸಾಲೆ ಅರೆಯಬೇಕು. ಆಮೇಲೆ ಒಂದು ದಿನ ಒಲೆ. ಇವರೂ ಶಿಸ್ತಿನ ಜನ, ಕಲಿಯಬೇಕೆಂದು ಬಂದವಳನ್ನು ಸರಿಯಾದ ದಾರಿಯಿಂದ ಕರೆದುಕೊಂಡು ಹೋದರು ಎಂದೇ ಎಣಿಸಿದೆ. ನನಗೆ ವಯಸ್ಸಾಗಿದೆ, ಸೀರೆ ಉಟ್ಟಿದ್ದೇನೆ, ಅದಕ್ಕೆ ಕುರ್ಚಿ ಕೊಟ್ಟರು ಎಂದು ತಿಳಿದೆ. ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ನನ್ನ ಚೀಲ ಇಟ್ಟುಕೊಂಡೆ.

ಕಲಿಸುವವನು ಕೆಂಪು ಮುಖದ ಒಬ್ಬ ದೊರೆ. ಹೊಟ್ಟೆಯ ಮೇಲೆ ಎತ್ತಿನ ಚಿತ್ರವಿದ್ದ ಏಪ್ರನ್. ಅವನ ಮುಂದೆ ಅಡ್ಡಡ್ಡ ಕತ್ತರಿಸಿದ ಡ್ರಮ್ಮುಗಳಲ್ಲಿ ಕೆಂಡ, ಮೇಲೆ ಕಬ್ಬಿಣದ ಜಾಳಿಗೆ. ಅವನಿಗೂ ನಮಗೂ ನಡುವೆ ಒಂದು ಹಗ್ಗ ಕಟ್ಟಿದ್ದರು. ಬೆಂಕಿ ಅಪಾಯವಂತೆ. ಅರ್ಧ ಜೀವಮಾನ ಒಲೆಯ ಮುಂದೆ ಕೂತು ಕೈಯೆಲ್ಲ ಸುಟ್ಟುಕೊಂಡವಳಿಗೆ ಬೆಂಕಿ ಅಪಾಯ ಎಂದು ಹಗ್ಗ ಕಟ್ಟಿದರು! ದೊರೆ ಮಾತು ಶುರು ಮಾಡಿದ. ನನ್ನ ಇಂಗ್ಲಿಷು ಏಳನೆಯ ಇಯತ್ತೆಯದು. ಆದರೂ ಎರಡು ಮಾತು ಮತ್ತೆ ಮತ್ತೆ ಬರುತ್ತಿದ್ದದ್ದು ತಿಳಿಯಿತು: ಹೊಗೆ, ತಾಳ್ಮೆ. ಮಾಂಸ ಸುಡುವವನಿಗೆ ತಾಳ್ಮೆ ಬೇಕು ಎನ್ನುವುದನ್ನು ಅವನು ಎಷ್ಟು ಉದ್ದ ಹೇಳಿದ ಎಂದರೆ ನನ್ನ ತಾಳ್ಮೆ ಅಲ್ಲಿಗೇ ಮುಗಿಯಿತು.

ಆಮೇಲೆ ಮಾಂಸ ಬಂತು. ಇನ್ನು ಸಂಜೆಯ ತನಕ ಕೂತೆವು ಎಂದು ನಾನು ಕಾಲು ಮಡಚಿ ಕೂತರೆ, ಅವನು ಒಂದು ಗ್ಲಾಸು ಬಿಯರ್ ಮುಗಿಯುವಷ್ಟರಲ್ಲಿ ಸುಟ್ಟು ಇಳಿಸಿದ. ಬಾಟಲಿಯಿಂದ ಕೆಂಪು ರಸ ಸುರಿದು, ಒಂದೊಂದು ತುಂಡು ತಟ್ಟೆಗೆ ಹಾಕಿ ಕಳಿಸಿದ. ಆಡಿನ ತೊಡೆ ಬಾಯಲ್ಲಿ ಇಟ್ಟ ಕೂಡಲೇ ಕರಗಿತು. ರುಚಿಯೆಲ್ಲ ಆ ರಸದ್ದೇ, ಬರೀ ಸಿಹಿ. ಆದರೆ ಮೆತ್ತಗಾದದ್ದು ಸುಳ್ಳಲ್ಲ. ಮರಿಯಾ ಅರ್ಧ ದಿನ ಸುಡುವುದನ್ನು ಇವನು ಇಷ್ಟು ಬೇಗ ಹೇಗೆ ಸುಟ್ಟ? ನಿಜಕ್ಕೂ ವಿದ್ಯೆ ಇದೆ, ಎಮ್ಮೆಗಳು ವ್ಯರ್ಥವಾಗಲಿಲ್ಲ ಎಂದು ಸಮಾಧಾನಪಟ್ಟೆ.

ಕ್ಲಬ್ಬು, ಎರಡನೆಯ ದಿನ

ಎರಡನೆಯ ದಿನ ಹೊಸದು ಎಂದರೆ ಕೋಳಿ. ಮತ್ತೆ ಹೊಗೆ, ಮತ್ತೆ ತಾಳ್ಮೆ. ನಡುವೆ ಒಬ್ಬೊಬ್ಬರನ್ನೇ ಹಗ್ಗದ ಒಳಗೆ ಕರೆದು, ಉದ್ದ ಚಿಮಟ ಕೊಟ್ಟು, ಒಂದು ತುಂಡು ಮಗುಚಲು ಬಿಟ್ಟು ಫೋಟೋ ತೆಗೆದರು. ನನ್ನ ಸರದಿ ಬಂದಾಗ ಕೆಂಡ ಒಂದು ಕಡೆ ಸತ್ತಿದೆ, ಕೆದಕಬೇಕು ಎಂದು ಕೈ ಮುಂದೆ ಮಾಡಿದೆ. ದೊರೆ ನಗುತ್ತ ನನ್ನ ಕೈಯಿಂದ ಚಿಮಟ ಕಿತ್ತುಕೊಂಡು, ಭುಜ ತಟ್ಟಿ ಕುರ್ಚಿಗೆ ಕಳಿಸಿದ. ಪಂಜಾಬಿ ಕುಟುಂಬದವರು ಚಪ್ಪಾಳೆ ತಟ್ಟಿದರು. ಇದಕ್ಕೆ ಪಾಠ ಎಂದು ಹೆಸರು.

ಸಂಜೆ ಕಸ್ತೂರಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಹಿಂದಿನ ಸಂಜೆ ಮರಿಯಾ ದಣಿದು ಬಂದವಳೇ ಮಲಗಿಬಿಟ್ಟಿದ್ದಳು, ಕ್ಲಾಸಿನ ಮಾತೇ ಆಗಿರಲಿಲ್ಲ. ಮರಿಯಾ ತನ್ನ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಬೆರಳುಗಳೆಲ್ಲ ನೀರಲ್ಲಿ ನೆನೆದು ಸುಕ್ಕಾಗಿದ್ದವು.

"ಅಕ್ಕಾರ, ನಾಳಿ ಕಡೇ ದಿನ," ಎಂದಳು. "ಬೆಂಕಿ ಹತ್ರ ನನ್ನ ಯಾವಾಗ ಬಿಡ್ತಾರ?"

"ಅಂದ್ರ? ಇನ್ನೂ ಬಿಟ್ಟಿಲ್ಲೇನು? ಎರಡ ದಿನ ಒಳಗ ಏನ ಮಾಡಿದಿ?"

"ನಿನ್ನಿ ಉಳ್ಳಾಗಡ್ಡಿ ಹೆಚ್ಚಿದೆ. ಆಮ್ಯಾಲ ತಾಟು ತೊಳದೆ. ಇವತ್ತ ಬರೇ ತಿಕ್ಕೂದ ಆತು. ಮಟನ್ ಕುದಸೂ ಪಾತೇಲಿ ಅದಾವಲ್ಲ, ಇಷ್ಟಿಷ್ಟ ದೊಡ್ಡವು, ತಿಕ್ಕಿ ತಿಕ್ಕಿ ರಟ್ಟಿ ಬಿದ್ವು."

"ಕುದಸೂದು? ಯಾಕ ಕುದಸ್ತಾರ? ಅವರು ಸುಡ್ತಾರಲ್ಲ."

ಮರಿಯಾ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಮುಂಜಾನಿ ಕುದಸ್ತಾರ್ರಿ, ಮೆತ್ತಗ ಆಗೂ ತನಕ. ಕೋಳೀನೂ ಹಂಗ. ಆಮ್ಯಾಲ ನೀರು ಬಸದು, ಒರಸಿ, ನಿಮ್ಮ ಮುಂದ ತರ್ತಾರ. ಜಾಳಗಿ ಮ್ಯಾಲ ಬರೇ ಬಣ್ಣ ಬರಸ್ತಾರ. ಯಾಕ, ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಎರಡು ದಿನ ತಾಳ್ಮೆಯ ಪುರಾಣ ಹೇಳಿದವನು ಒಳಗೆ ಪಾತೇಲಿ ಇದೆ ಎಂದು ಒಂದು ಸಲವೂ ಹೇಳಿರಲಿಲ್ಲ. ನನ್ನ ತಲೆಗೆ ಸಿಟ್ಟು ಹೇಗೆ ಏರಿತೆಂದರೆ ಕೈಯಲ್ಲಿದ್ದ ಬಸಿಯನ್ನು ಕುಕ್ಕಿ ಒಡೆದೆ. ಅದು ಕಸ್ತೂರಿಯ ಒಳ್ಳೆಯ ಸೆಟ್ಟು. ಇಷ್ಟು ಮಂದಿಯ ಕಣ್ಣಿಗೆ ಮಣ್ಣೆರಚಿ ದುಡ್ಡು ಬಾಚುವ ಕಳ್ಳರು! ದುಡ್ಡು ಕೊಟ್ಟು ಬಂದ ಹೆಂಗಸಿನ ಕೈಯಲ್ಲಿ, ಬಣ್ಣ ಕಪ್ಪು ಎಂದು, ಪಾತ್ರೆ ತಿಕ್ಕಿಸಿದ ಅಯೋಗ್ಯರು! ಅವಳ ಮುಖ ನೋಡಿದರು, ಹೂಜಿ ನೋಡಿದರು, ರಸೀದಿಯಲ್ಲಿ ಇದ್ದ ಹೆಸರು ಮಾತ್ರ ನೋಡಲಿಲ್ಲ.

"ಅಕ್ಕಾ, ಸಣ್ಣ ದನಿಯಿಂದ ಮಾತಾಡು. ಬಾಜೂ ಮನಿಯವ್ರು ಕೇಳ್ತಾರ," ಎಂದಳು ಕಸ್ತೂರಿ.

"ಕೇಳ್ಲಿ! ಗುಜರಾತಿ ಕಲತು ಅವರಿಗೂ ಹೇಳ್ತೇನಿ!"

ಮರಿಯಾ ಒಡೆದ ಬಸಿಯ ಚೂರು ಆರಿಸುತ್ತ ಮೆಲ್ಲಗೆ ಕೇಳಿದಳು, "ಅಕ್ಕಾರ, ಹಂಗಾದ್ರ ಅವರು ನನಗ ಏನೂ ಕಲಸ್ತಿರಲಿಲ್ಲೇನು?"

ನಾನೂ ಕೆಳಗೆ ಕೂತು ಅವಳ ಜೊತೆ ಚೂರು ಆರಿಸತೊಡಗಿದೆ. ಕಸ್ತೂರಿ ಒಳಗೆ ಎದ್ದು ಹೋದಳು.

ಕ್ಲಬ್ಬು, ಮೂರನೆಯ ದಿನ

ಮರುದಿನ ಕಸ್ತೂರಿಯನ್ನು ಮಾತಿಗೆಂದು ಜೊತೆಗೆ ಎಳೆದುಕೊಂಡು ಹೋದೆ. ಮ್ಯಾನೇಜರ್ ಟೈ ಕಟ್ಟಿದ ಮನುಷ್ಯ, ಎಣ್ಣೆ ಸವರಿದಂಥ ಮಾತು. ರಸೀದಿ ನೋಡಿದ, ಮರಿಯಾಳನ್ನು ನೋಡಿದ, ಹುಬ್ಬು ಮೇಲೆ ಮಾಡಿದ. ನಾವು ಯಾರೂ ಒತ್ತಾಯ ಮಾಡಿಲ್ಲ ತಾಯಿ, ಆಕೆಯೇ ಹೂಜಿ ಹಿಡಿದಳು, ಏಪ್ರನ್ ಕೊಟ್ಟರೆ ಕಟ್ಟಿಕೊಂಡಳು, ದಿನಗೂಲಿಗೆ ಬಂದ ಹೊಸಬಳು ಎಂದುಕೊಂಡೆವು, ಆಕೆಯ ಕುರ್ಚಿ ಎರಡೂ ದಿನ ಹಾಕಿಯೇ ಇತ್ತು ಎಂದ. ನನ್ನ ಕನ್ನಡ ಅವನಿಗೆ ತಿಳಿಯಲಿಲ್ಲ, ಅದು ಅವನ ಅದೃಷ್ಟ. ಕಸ್ತೂರಿ ನನ್ನ ಮಾತುಗಳಲ್ಲಿ ಅರ್ಧವನ್ನು ನುಂಗಿ, ಉಳಿದ ಅರ್ಧವನ್ನು ನಯ ಮಾಡಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅದು ನನಗೆ ಗೊತ್ತಾಗುತ್ತಿತ್ತು, ಅವಳ ಮೇಲೂ ಸಿಟ್ಟು ಬರುತ್ತಿತ್ತು.

ಕೊನೆಗೆ ಅವನು ತಪ್ಪು ಸರಿಪಡಿಸುವವನ ಹಾಗೆ ಜೇಬಿಗೆ ಕೈಹಾಕಿ, ಎರಡು ದಿನದ ಕೂಲಿ ಎಂದು ಮರಿಯಾಳ ಮುಂದೆ ನೋಟು ಹಿಡಿದ. ನಾನು ಅವನ ಕೈ ತಳ್ಳಲು ಹೋದೆ. ಮರಿಯಾ ನನಗಿಂತ ಮುಂಚೆ ನೋಟು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಕೊಡ್ಲಿ ಬಿಡ್ರಿ ಅಕ್ಕಾರ. ತಾಟು ತೊಳದದ್ದು ಖರೇನ ಐತಲ್ಲ."

ಆ ದಿನ ನನ್ನ ಚೀಲ ಕೆಳಗಿಟ್ಟು ಮರಿಯಾಳನ್ನು ಕುರ್ಚಿಯಲ್ಲಿ ಕೂರಿಸಿದೆ. ಅವಳು ಕಾಲು ಕೂಡಿಸಿಕೊಂಡು, ಕೈ ಮಡಿಲಲ್ಲಿ ಇಟ್ಟುಕೊಂಡು ದೊರೆಯನ್ನೇ ನೋಡಿದಳು. ದೊರೆ ಹೊಗೆ, ತಾಳ್ಮೆ ಎಲ್ಲ ಮುಗಿಸಿ, ಯಾರಿಗಾದರೂ ಏನಾದರೂ ಕೇಳುವುದು ಇದೆಯೇ ಎಂದ. ಮರಿಯಾ ಕೈ ಎತ್ತಿದಳು.

"ಕುದಿಸಿದ ನೀರು ಏನ ಮಾಡ್ತೀರಿ ಕೇಳ್ರಿ," ಎಂದಳು ಕಸ್ತೂರಿಗೆ. "ರುಚಿ ಎಲ್ಲಾ ಅದರಾಗ ಹೋಗಿರ್ತೈತಿ. ಚೆಲ್ತಾರೇನು?"

ಕಸ್ತೂರಿ ಹೇಳಲೋ ಬೇಡವೋ ಎಂದು ನೋಡಿದಳು. ನಾನು ಮೊಣಕೈಯಿಂದ ತಿವಿದೆ. ಹೇಳಿದಳು. ಜರ್ಮನಿಯವನು ತಟ್ಟೆಯಿಂದ ತಲೆಯೆತ್ತಿದ. ಕುದಿಸಿದ್ದೇ? ದೊರೆಯ ಮುಖ ಇನ್ನಷ್ಟು ಕೆಂಪಾಯಿತು. ಆಮೇಲೆ ನಕ್ಕ. ದೊಡ್ಡ ದೊಡ್ಡ ಕಡೆಯೆಲ್ಲ ಹೀಗೇ, ಅದೂ ಒಂದು ಕಲೆ, ಆ ನೀರು ನಮ್ಮ ಕೆಲಸದವರಿಗೆ ಸೂಪು ಎಂದ.

ಈಗ ಗದ್ದಲವಾಗುತ್ತದೆ, ಎಲ್ಲರೂ ಎದ್ದು ದುಡ್ಡು ವಾಪಸ್ ಕೇಳುತ್ತಾರೆ ಎಂದು ನಾನು ಸೆರಗು ಕಟ್ಟಿ ಎದ್ದು ನಿಂತೆ. ಯಾರೂ ಏಳಲಿಲ್ಲ. ಜರ್ಮನಿಯವನೂ ನಕ್ಕ, ಅವನ ಹೆಂಡತಿಯೂ ನಕ್ಕಳು. ನೀನು ಮೋಸಗಾರ ಎಂದು ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಕೂಗಿದೆ. ಎಲ್ಲರೂ ದೊರೆಯನ್ನು ಬಿಟ್ಟು ನನ್ನನ್ನು ನೋಡಿದರು, ಮೋಸ ಮಾಡಿದವಳು ನಾನೇ ಎನ್ನುವ ಹಾಗೆ. ಚಹಾ ತೋಟದ ದೊರೆಸಾನಿ ನನ್ನ ಕೈ ಹಿಡಿದು, ಬಂದದ್ದು ರಜೆಗೆ, ಬಿಸಿಲು ಚೆನ್ನಾಗಿದೆ, ಊಟ ಮೆತ್ತಗಿದೆ, ಸಿಟ್ಟೇಕೆ ಎಂದಳು.

ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಟೋಪಿ ಹಾಕಿಸಿಕೊಂಡವರಿಗೇ ಸಿಟ್ಟು ಇಲ್ಲ. ನಮ್ಮ ಖಾನಾವಳಿಯಲ್ಲಿ ಸಾರಿಗೆ ಒಂದು ದಿನ ನೀರು ಹೆಚ್ಚಾದರೆ ಮಿಲ್ಲಿನ ಪಾಳಿಯವರು ತಟ್ಟೆ ಬಡಿದು ಕೇಳುತ್ತಾರೆ. ಕೇಳುವುದು ಅವರ ಹಕ್ಕು. ಇಲ್ಲಿ ನೂರು ಪಟ್ಟು ದುಡ್ಡು ಕೊಟ್ಟವರು ಬಾಯಿ ಒರೆಸಿಕೊಂಡು ಥ್ಯಾಂಕ್ಯೂ ಎಂದರು. ಸಂಜೆ ಎಲ್ಲರಿಗೂ ಬಂಗಾರದ ಅಂಚಿನ ಪ್ರಮಾಣಪತ್ರ ಕೊಟ್ಟರು. ಮರಿಯಾಗೂ ಕೊಟ್ಟರು.

ಸಂತೆಯ ಓಣಿ

ನಮ್ಮ ಸಿಟ್ಟು ಇಳಿಸಲು ವಾಸು ಮರುದಿನ ಪೇಟೆಯ ಒಂದು ಓಣಿಗೆ ಕರೆದುಕೊಂಡು ಹೋದ. ಎರಡೂ ಬದಿಗೆ ತಗಡಿನ ಅಂಗಡಿಗಳು, ಮುಂದೆ ತೂಗುಹಾಕಿದ ಆಡು, ಪಕ್ಕದಲ್ಲಿ ಇದ್ದಿಲ ಒಲೆ. ಬೇಕಾದ ತುಂಡು ತೋರಿಸಬೇಕು, ತೂಗಿ ಬೆಂಕಿಗೆ ಇಡುತ್ತಾರೆ. ಉಪ್ಪು ಬಿಟ್ಟು ಬೇರೆ ಏನೂ ಹಚ್ಚುವುದಿಲ್ಲ. ಆಮೇಲೆ ಕಾಯಬೇಕು. ಜೋಯಿಡಾದಿಂದ ಕುಂಬಾರವಾಡಕ್ಕೆ ಬಸ್ಸು ಕಾಯುವವರು ಕೂರುವ ಹಾಗೆ ಜನ ಕೂತಿದ್ದರು. ಹರಟೆ, ನಗು, ಜಗಳ, ಎಲ್ಲ ಅಲ್ಲೇ. ಯಾರೂ ಒಲೆಯವನನ್ನು ಅವಸರ ಮಾಡಲಿಲ್ಲ.

ಮರಿಯಾ ತಡೆಯಲಾರದೆ ಎದ್ದು ಒಲೆಯ ಹತ್ತಿರ ಹೋಗಿ ಕೈ ಚಾಚಿದಳು. ಸುಡುವವನು ನಗುತ್ತಲೇ ಅವಳನ್ನು ಹಿಂದೆ ಸರಿಸಿದ. ಇಲ್ಲಿ ಮಾಂಸ ಸುಡುವುದು ಗಂಡಸರ ಕೆಲಸ, ಹೆಂಗಸರು ಬೆಂಕಿಗೆ ಬರುವಂತಿಲ್ಲ ಎಂದು ವಾಸು ತಿಳಿಸಿದ. ಕ್ಲಬ್ಬಿನಲ್ಲಿ ಹಗ್ಗ, ಇಲ್ಲಿ ಈ ಪುಂಡ. ಅವನಿಗೂ ನಾಲ್ಕು ಮಾತು ಅನ್ನಬೇಕೆಂದು ನಾನು ಬಾಯಿ ತೆರೆದೆ. ಮರಿಯಾ ನಗುತ್ತ ಬಂದು ಕೂತಳು.

"ನಮ್ಮ ಗಂಡಸರಿಗೆ ಹಿಂಗ ಸುಡಾಕ ಬರ್ತಿದ್ರ ನಾನೂ ಕೂತ ತಿಂತಿದ್ದೆ."

ಹಲಗೆಯ ಮೇಲೆ ಕೊಚ್ಚಿ ತಂದಿಟ್ಟರು. ಜೊತೆಗೆ ಉಳ್ಳಾಗಡ್ಡಿ, ಟೊಮೆಟೊ ಹೆಚ್ಚಿದ ಕಚುಂಬರಿ, ಥೇಟ್ ನಮ್ಮ ಪಚಡಿ. ಜಗಿಯಲು ಹಲ್ಲು ಬೇಕಿತ್ತು, ಆದರೆ ಜಗಿದಷ್ಟೂ ರುಚಿ ಬರುತ್ತಿತ್ತು. ಮರಿಯಾ ಎಲುಬು ಬಿಡದೆ ತಿಂದಳು.

"ಇವರಿಗೆ ಬರ್ತೈತಿ," ಎಂದಳು. ಬೆರಳು ನೆಕ್ಕಿಕೊಂಡು, "ಕಾಯೂ ಮಂದಿ ಅದಾರ, ಅದಕ್ಕ ಬರ್ತೈತಿ," ಎಂದಳು.

ಕುಳಗಿ ದಾರಿ

ಊರಿಗೆ ಬಂದ ವಾರವೇ ಸಾಹುಕಾರರು ಹೇಳಿ ಕಳಿಸಿದರು. ಮುಂಬಯಿಯಿಂದ ನಾಲ್ಕು ಮಂದಿ ದೊಡ್ಡವರು ಬಂದಿದ್ದಾರೆ, ಮರಿಯಾಳ ಕೈಗುಣ ಅವರಿಗೆ ತೋರಿಸಬೇಕು, ಅಡಿಗೆಮನೆಯ ಮಾತು ಇವತ್ತೇ ತೀರ್ಮಾನ ಎಂದು. ನಾನೂ ಹೋದೆ. ಸಾಹುಕಾರರು ಪ್ರಮಾಣಪತ್ರವನ್ನು ಇಸಿದುಕೊಂಡು, ಮರಿಯಾಳನ್ನು ಮಾತಾಡಿಸುವ ಮುಂಚೆಯೇ ಡೇರೆಯ ಕಂಬಕ್ಕೆ ತೂಗು ಹಾಕಿಸಿದರು.

ಅವತ್ತು ಮಳೆ ಬಿಡುವು ಕೊಟ್ಟಿತ್ತು. ಮಧ್ಯಾಹ್ನ ಮೂರಕ್ಕೆ ಮರಿಯಾ ತನ್ನ ಪದ್ಧತಿಯಲ್ಲೇ ಕೆಂಡ ಹರವಿದಳು. ಉಪ್ಪು, ಅರಿಶಿನ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಕ್ಲಬ್ಬಿನದು ಏನೂ ಮಾಡುವುದಿಲ್ಲ ಎಂದು ನಾವಿಬ್ಬರೂ ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಮಾತಾಡಿದವಳು ನಾನು, ಅವಳು ಹೂಂ ಎಂದಿದ್ದಳು. ತೊಡೆಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ವಾಸನೆ ಏಳುವ ಹೊತ್ತಿಗೆ ಮುಂಬಯಿಯವರು ಎರಡು ಸಲ ಗಡಿಯಾರ ನೋಡಿದರು. ಒಬ್ಬ ತಟ್ಟೆಯನ್ನು ಚಮಚದಿಂದ ಬಡಿಯತೊಡಗಿದ. ಸಾಹುಕಾರರು ಬಂದು ಮರಿಯಾಳ ತಲೆಯ ಮೇಲೆ ನಿಂತರು.

"ಏನ ಇದು? ಇನ್ನ ಎಷ್ಟ ಹೊತ್ತು? ಆ ಕ್ಲಬ್ಬಿನ್ಯಾಗ ಕೂತ ಹತ್ತ ಮಿನಿಟಿಗೆ ಬಂದಿತ್ತು. ಅಲ್ಲಿ ಏನ ಕಲತಿ ನೀ? ನಾಳೆ ಗೋವಾದಾಂವಗ ಬಾ ಅಂತ ಹೇಳಲೇನು?"

ಸಾಹುಕಾರರೇ, ಅಲ್ಲಿ ನೀವು ತಿಂದದ್ದು ಬೇಯಿಸಿದ ಮಾಂಸ, ನಿಮಗೆ ಟೋಪಿ ಹಾಕಿದ್ದಾರೆ ಎಂದು ಹೇಳಲು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಮರಿಯಾ ನನ್ನ ಸೆರಗು ಹಿಡಿದು ಜಗ್ಗಿದಳು.

"ಆತರಿ ಸಾಹುಕಾರ್ರ. ಈಗ ತರ್ತೇನಿ," ಎಂದಳು.

ಜಾಳಿಗೆಯ ಮೇಲಿನ ಮಾಂಸವನ್ನೆಲ್ಲ ಪರಾತಕ್ಕೆ ಇಳಿಸಿಕೊಂಡು ಅಡಿಗೆಯ ಡೇರೆಗೆ ಹೋದಳು. ನಾನು ಹಿಂದೆಯೇ ಹೋದೆ. ಸೀಮೆಎಣ್ಣೆ ಸ್ಟೋವು ಭರ್ರೆನ್ನುತ್ತಿತ್ತು. ದೊಡ್ಡ ಪಾತೇಲಿಗೆ ನೀರು ಸುರಿದು ಮಾಂಸ ಅದರೊಳಗೆ ಹಾಕಿ ಮುಚ್ಚಳ ಎತ್ತಿಕೊಂಡಿದ್ದಳು. ನಾನು ಪಾತೇಲಿಯ ಕಿವಿ ಹಿಡಿದೆ.

"ಮರಿಯಾ, ನಿನಗ ನಾಚಿಕಿ ಆಗಾಂಗಿಲ್ಲೇನು? ಆ ಕಳ್ಳರು ಮಾಡಿದ್ದನ್ನ ನೀನೂ ಮಾಡ್ತಿ? ಒಗಿ ಇದನ್ನ. ನಡಿ, ಮನಿಗೆ ಹೋಗೂಣು. ನಮ್ಮ ಹಿತ್ತಲ ಏನ ಓಡಿಹೋಗೈತಿ?"

"ನಿಮ್ಮ ಹಿತ್ತಲದಾಗ ವಾರಕ್ಕ ಒಂದ ದಿನ ಕೆಲಸ ಐತಿ ಅಕ್ಕಾರ."

"ಆದ್ರ ಇದು ಮೋಸ!"

ಮರಿಯಾ ನನ್ನ ಮೇಲೆ ಎಂದೂ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಸಿಟ್ಟ ಮಾಡಾಕ ನಿಮಗ ಖಾನಾವಳಿ ಐತಿ," ಎಂದಳು. "ನನಗ ಎಮ್ಮಿನೂ ಇಲ್ಲ. ಪಾತೇಲಿ ಬಿಡ್ರಿ."

ಬಿಟ್ಟೆ. ಡೇರೆಯ ಬಾಗಿಲಲ್ಲಿ ನಿಂತು, ಮುಚ್ಚಳದ ಕೆಳಗೆ ನೀರು ಕುದಿಯುವ ಸದ್ದು ಕೇಳಿದೆ. ಇಷ್ಟು ವರ್ಷ ಅವಳು ಕೆಂಡದ ಮುಂದೆ ಕೂತದ್ದೆಲ್ಲ ಆ ಪಾತೇಲಿಯೊಳಗೆ ಹೋಗುತ್ತಿದೆ ಎನಿಸಿ ಅಳು ಬಂತು, ಅಳುವುದಕ್ಕೂ ಸಿಟ್ಟು ಬಂತು. ಅವಳು ಮಾಂಸ ಬಸಿದು, ಒರೆಸಿ, ಮಸಾಲೆ ಮತ್ತೆ ಹಚ್ಚಿ, ಕೆಂಡದ ಮೇಲೆ ಎರಡು ಸಲ ಮಗುಚಿ ತಟ್ಟೆಗೆ ಹಾಕಿದಳು. ಎಷ್ಟು ನೋಡಿ ಕಲಿತಿದ್ದಳು! ಆ ದೊರೆಯ ಕೈಯಲ್ಲೂ ಬಣ್ಣ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಮುಂಬಯಿಯವರು ಮೊದಲ ತುತ್ತಿಗೇ ತಲೆಯಾಡಿಸಿದರು. ಸಾಹುಕಾರರು ಎದ್ದು ನಿಂತು ಹತ್ತಿ, ಹತ್ತಿ ಎಂದು ಕೂಗಿದರು. ಅಡಿಗೆಮನೆ ಮರಿಯಾಳದು, ನಾಳೆಯಿಂದಲೇ ಬರಬೇಕು ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದ್ರಿಲ್ಲೋ ಬಾಯಾರ? ರೊಕ್ಕ ಕೊಟ್ಟು ಕಲತು ಬಂದ್ರ ಹೆಂಗ ಇರ್ತೈತಿ! ಆ ಕ್ಲಾಸಿಗೆ ಹೋಗಿದ್ದು ಸಾರ್ಥಕ ಆತೋ ಇಲ್ಲೋ, ನೀವ ಹೇಳ್ರಿ."

ನೈರೋಬಿಯಿಂದ ಕಟ್ಟಿಕೊಂಡು ತಂದ ಬೈಗುಳವೆಲ್ಲ ನಾಲಗೆಯ ತುದಿಯಲ್ಲಿತ್ತು. ಸಾಹುಕಾರರ ಹಿಂದೆ ಮರಿಯಾ ತಟ್ಟೆ ಹಿಡಿದು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ ಸಾಹುಕಾರ್ರ," ಎಂದೆ. "ಬರೋಬರಿ ಕಲತಾಳ."